ಸಾಕು ಎನ್ನದ ಸಂಜೆ

ಸೂರ್ಯನನ್ನು ಹನ್ನೊಂದು ದಿನ ಪಶ್ಚಿಮದ ಗುಡ್ಡದ ಮೇಲೆ ನಿಲ್ಲಿಸಿಟ್ಟವನು ನಾನು. ಅದೂ ಒಂದೇ ಕೈಯಿಂದ. ಇನ್ನೊಂದು ಕೈಯಲ್ಲಿ ಚಹಾದ ಕಪ್ಪಿತ್ತು.

ನಂಬದವರು ನಮ್ಮೂರಿಗೆ ಬಂದು ಯಾರನ್ನಾದರೂ ಕೇಳಬಹುದು. ಊರು ಎಲ್ಲಿದೆ ಎಂದು ಮಾತ್ರ ಹೇಳಲಾರೆ. ಹೇಳಿದರೆ ನನ್ನನ್ನು ನೋಡಲು ಬರುವವರ ಸಾಲು ಬಸ್ ಸ್ಟ್ಯಾಂಡಿನವರೆಗೆ ಬೆಳೆದು ಸಂತೆಗೆ ಹೋಗುವವರಿಗೆ ತೊಂದರೆಯಾಗುತ್ತದೆ. ಮೇಲಿನ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಬಹಳ ವರ್ಷ ಕೋಚ್ ಆಗಿದ್ದ ರಾಚಪ್ಪ ಮಾಸ್ತರ ಎಂದರೆ ನಾನೇ. ಕಾಲೇಜಿನ ಸುವರ್ಣ ಮಹೋತ್ಸವದ ಸಂಚಿಕೆಗೆ ನನ್ನ ಅನುಭವವನ್ನು ಎರಡು ಪುಟದಲ್ಲಿ ಬರೆದುಕೊಡಿ ಎಂದು ಪ್ರಿನ್ಸಿಪಾಲರು ಕೇಳಿದ್ದಾರೆ. ನನ್ನನ್ನು ಎರಡು ಪುಟದಲ್ಲಿ ಹಿಡಿಸುವುದೆಂದರೆ ಆನೆಯನ್ನು ತಂಬಿಗೆಯಲ್ಲಿ ಮುಳುಗಿಸಿದ ಹಾಗೆ. ಆದರೂ ಹಿರಿಯರ ಮಾತು, ಪ್ರಯತ್ನಿಸುತ್ತೇನೆ.

ನಮ್ಮೂರ ಬಯಲಿನಲ್ಲಿ ಮೇಲಿನ ಕಾಲೇಜೂ ಕೆಳಗಿನ ಕಾಲೇಜೂ ವರ್ಷಕ್ಕೊಮ್ಮೆ ಆಡುತ್ತವೆ. ಪಂದ್ಯ ಮುಗಿಯುವುದು ಗಡಿಯಾರ ನೋಡಿ ಅಲ್ಲ. ಹಿಂದೆ ಬಿದ್ದ ತಂಡದ ಕೋಚ್ ‘ಸಾಕು’ ಅನ್ನಬೇಕು. ಅವನು ಅನ್ನುವವರೆಗೆ ಆಟ ನಿಲ್ಲುವುದಿಲ್ಲ, ಸೂರ್ಯನೂ ಮುಳುಗುವುದಿಲ್ಲ. ಗೋಲು ಸಮನಾಗಿದ್ದರೆ ಇಬ್ಬರು ಕೋಚ್‌ಗಳೂ ಒಟ್ಟಿಗೆ ಅನ್ನಬೇಕು. ಇದರಲ್ಲಿ ಬಿಡಿಸಿ ಹೇಳುವಂಥದ್ದೇನೂ ಇಲ್ಲ, ಮೊದಲಿನಿಂದಲೂ ಹೀಗೇ.

ಊರಿನವರು ಇದಕ್ಕೆ ಹೊಂದಿಕೊಂಡು ಎಷ್ಟೋ ಕಾಲವಾಯಿತು. ಪಂದ್ಯದ ದಿನ ಹತ್ತಿರ ಬಂತೆಂದರೆ ಹೆಂಗಸರು ಹಪ್ಪಳದ ಹಿಟ್ಟು ಕುಟ್ಟಿ ಇಟ್ಟುಕೊಳ್ಳುತ್ತಾರೆ. ಒಂದೇ ಹಗಲಿನಲ್ಲಿ ಎರಡು ಹಗಲಿನ ಬಿಸಿಲು ಸಿಗುತ್ತದಲ್ಲ. ಇಬ್ಬರಲ್ಲಿ ಹೆಚ್ಚು ಮೊಂಡನಾದ ಕೋಚ್ ಹಿಂದೆ ಬೀಳಲಿ ಎಂದು ಅವರ ಹರಕೆ. ಅಗಸರು ಕಂಬಳಿ ಒಗೆಯಲು ಅದೇ ದಿನ ಇಟ್ಟುಕೊಳ್ಳುತ್ತಾರೆ. ರಾತ್ರಿ ಗಸ್ತಿನವನು ಉಂಡು, ಕೋಲು ಹಿಡಿದು, ಚೌಕದಲ್ಲಿ ಸುಮ್ಮನೆ ಬೆಳಕಿನಲ್ಲಿ ನಿಂತಿರುತ್ತಾನೆ. ಕೋಳಿಗಳು ಗೂಡಿನ ಬಾಗಿಲವರೆಗೆ ಬಂದು, ಕತ್ತೆತ್ತಿ ನೋಡಿ, ತಿರುಗಿ ಕೆದರಲು ಹೋಗುತ್ತವೆ. ಸಂಜೆಯ ದೀಪಕ್ಕೆ ಕಾದ ಪೂಜಾರಿಯೂ ಸಂಜೆಯ ನಮಾಜಿಗೆ ಕಾದ ಮೌಲ್ವಿಯೂ ಬಯಲಿನ ಅಂಚಿನ ಕಟ್ಟೆಯ ಮೇಲೆ ಕೂತು, ಒಂದೇ ಪೊಟ್ಟಣದ ಶೇಂಗಾ ತಿನ್ನುತ್ತ ಆಟ ನೋಡುತ್ತಾರೆ. ರಮ್ಜಾನಿನಲ್ಲಿ ಪಂದ್ಯ ಇಡಬಾರದು ಎಂದು ಎರಡೂ ಕಾಲೇಜು ಒಪ್ಪಿವೆ. ನಮ್ಮೂರು ಜಗಳವಿಲ್ಲದೆ ಒಪ್ಪಿಕೊಂಡದ್ದು ಅದೊಂದನ್ನೇ.

ಬೇರೆ ಊರುಗಳಲ್ಲಿ ಮುಂದಿರುವ ತಂಡ ಕೊನೆಯ ಹೊತ್ತಿನಲ್ಲಿ ಚೆಂಡನ್ನು ಮೂಲೆಗೆ ಒಯ್ದು ಕಾಲ ಕಳೆಯುತ್ತದಂತೆ, ಕೀಪರ್ ಬೂಟಿನ ಲೇಸು ಬಿಚ್ಚಿ ಕಟ್ಟುತ್ತ ಕೂರುತ್ತಾನಂತೆ. ನಮ್ಮಲ್ಲಿ ಅದರಿಂದ ಏನೂ ಹುಟ್ಟುವುದಿಲ್ಲ. ಇಲ್ಲಿ ಹೊತ್ತು ಸೋಲುತ್ತಿರುವವನ ಜೇಬಿನಲ್ಲಿರುತ್ತದೆ. ಮುಂದಿರುವ ಕೋಚ್ ತನ್ನ ಜಾಣತನವನ್ನು ಚೆಂಡಿನ ಮೇಲಲ್ಲ, ಎದುರಿನ ಕೋಚಿನ ಹೊಟ್ಟೆಯ ಮೇಲೆ, ಬೆನ್ನಿನ ಮೇಲೆ, ಮನಸ್ಸಿನ ಮೇಲೆ ಖರ್ಚು ಮಾಡಬೇಕು.

ಆ ಜಾಣತನದಲ್ಲಿ ಕೆಳಗಿನ ಕಾಲೇಜಿನ ದುಂಡಪ್ಪ ಮಾಸ್ತರನನ್ನು ಮೀರಿಸಿದವರಿಲ್ಲ, ನನ್ನನ್ನು ಬಿಟ್ಟರೆ. ತಲೆಯ ಮೇಲೆ ಒದ್ದೆ ಕರವಸ್ತ್ರ ಹಾಕಿಕೊಂಡು, ಪೂಜೆಗೆ ಕೂತವನ ಹಾಗೆ ಕಣ್ಣು ಅರ್ಧ ಮುಚ್ಚಿ ಕೂರುವ ಮನುಷ್ಯ. ಒಂದು ವರ್ಷ ನಾನು ಕೂರುವ ಕುರ್ಚಿಯ ಒಂದು ಕಾಲನ್ನು ಅರ್ಧ ಬೆರಳಿನಷ್ಟು ಕೊಯ್ಯಿಸಿಬಿಟ್ಟಿದ್ದ. ಇಡೀ ಸಂಜೆ ಅದರ ಮೇಲೆ ತೂಗಾಡಿ ಕೊನೆಗೆ ನನ್ನ ಸೊಂಟ ‘ಸಾಕು’ ಎಂದಿತು. ಸೊಂಟ ಅಂದದ್ದು, ನಾನಲ್ಲ. ಹಾಗಾಗಿ ಅದನ್ನು ಸೋಲು ಎಂದು ನಾನು ಹಿಡಿದಿಲ್ಲ. ಮರುವರ್ಷ ಅವನು ಹಿಂದೆ ಬಿದ್ದಾಗ ಅವನ ಸೋದರತ್ತೆಯನ್ನು ಎತ್ತಿನಗಾಡಿಯಲ್ಲಿ ಕರೆಸಿ ಅವನ ಪಕ್ಕದಲ್ಲೇ ಕೂರಿಸಿದೆ. ಆಕೆ ಆಸ್ತಿಯ ಮಾತು ತೆಗೆಯುವ ಮೊದಲೇ ದುಂಡಪ್ಪ ಎದ್ದು ನಿಂತು ‘ಸಾಕು’ ಎಂದ.

ಇಂಥ ದುಂಡಪ್ಪನ ಮಗ ವಿರೂಪಾಕ್ಷನಿಗೆ ನನ್ನ ಒಬ್ಬಳೇ ಮಗಳು ಕಸ್ತೂರಿಯನ್ನು ಕೊಡುವುದೆಂದಾಯಿತು. ಹುಡುಗ ಹುಡುಗಿ ನಮ್ಮನ್ನು ಕೇಳಿ ನಿಶ್ಚಯ ಮಾಡಿಕೊಂಡವರಲ್ಲ. ಬಯಲಿಗೆ ಸುಣ್ಣದ ಗೆರೆ ಹಾಕುವಾಗ ಹಗ್ಗದ ಒಂದು ತುದಿಯನ್ನು ನಮ್ಮ ಕಡೆಯವರು, ಇನ್ನೊಂದನ್ನು ಅವರ ಕಡೆಯವರು ಹಿಡಿಯಬೇಕೆಂಬ ಪದ್ಧತಿಯಿದೆ. ಮೋಸ ಆಗಬಾರದಲ್ಲ. ಈ ತುದಿಯಲ್ಲಿ ಕಸ್ತೂರಿ, ಆ ತುದಿಯಲ್ಲಿ ವಿರೂಪಾಕ್ಷ, ಹಗ್ಗ ಹಿಡಿದು ಹಿಡಿದು ಆದ ಮದುವೆ ಅದು. ಕಸ್ತೂರಿ ಚಿಕ್ಕಂದಿನಿಂದ ಗೆರೆ ಹಾಕಿದವಳು. ಸಂಜೆ ತಾಲೀಮು ಮುಗಿದ ಮೇಲೆ ಅವಳು ಸುಣ್ಣದ ಬಕೆಟಿನ ಪಕ್ಕದಲ್ಲಿ ಕೂರುತ್ತಿದ್ದಳು, ನಾನು ಅಂದಿನ ಆಟದ ಕತೆ ಹೇಳುತ್ತಿದ್ದೆ, ಅವಳು “ಆಮ್ಯಾಲೇನಾತು ಅಪ್ಪಾ?” ಎಂದು ಕೇಳುತ್ತಿದ್ದಳು. ಅದಿರಲಿ.

ಮುಹೂರ್ತ ಗೋಧೂಳಿಗೆ, ಸರಿಯಾಗಿ ಹೊತ್ತು ಮುಳುಗುವಾಗ. ದಿನ, ಪಂದ್ಯದ ದಿನವೇ. ಇಂಥ ತಪ್ಪನ್ನು ಬೇರೆ ಯಾವ ಊರಿನವರೂ ಮಾಡಲಾರರು, ಮಾಡಲು ಅವರಿಗೆ ಅವಕಾಶವೂ ಇಲ್ಲ.

“ಹೆಂಗೂ ಊರ ಮಂದಿ ಎಲ್ಲಾ ಬಯಲಿಗೆ ಬರ್ತಾರ,” ಎಂದಿದ್ದ ದುಂಡಪ್ಪ, ನಮ್ಮ ಪಡಸಾಲೆಯಲ್ಲಿ ಕೂತು. “ಅಲ್ಲೇ ಬಾಜೂಕ ಹಂದರ ಹಾಕಿದ್ರ ಆತು. ನಾಕಕ್ಕ ಆಟ ಸುರು. ಹೊತ್ತು ಮುಳಗೂದ್ರಾಗ ನೀವು ಸಾಕು ಅಂತೀರಿ, ಅಕ್ಕಿಕಾಳು ಬೀಳ್ತಾವ.”

“ನಾ ಯಾಕ ಅನ್ನಲಿ? ನೀವ ಅಂತೀರಿ,” ಎಂದೆ ನಾನು.

“ಯಾರರ ಒಬ್ಬರು ಅನ್ರೀ,” ಎಂದಳು ನನ್ನ ಹೆಂಡತಿ ನೀಲವ್ವ. “ಅಡಗಿ ಹಳಸಬಾರ್ದು, ಅಷ್ಟ.”

ಆಟ ಶುರುವಾಯಿತು. ಸ್ವಲ್ಪ ಹೊತ್ತಿನಲ್ಲೇ ಕೆಳಗಿನವರು ಒಂದು ಗೋಲು ಹಾಕಿದರು. ಆ ಗೋಲಿನ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ. ಗಾಳಿ ಇತ್ತು. ಸೂರ್ಯ ಇಳಿಯುತ್ತ ಬಂದು, ಗುಡ್ಡದ ಮೇಲಿನ ಒಂಟಿ ಬೇವಿನ ಮರದ ತುದಿಗೆ ಗಲ್ಲ ಆನಿಸಿ ನಿಂತ. ರೆಫ್ರಿ ನನ್ನ ಕಡೆ ನೋಡಿದರು. ಪೂಜಾರಿ ನೋಡಿದ. ಹಂದರದೊಳಗೆ ಬಾಸಿಂಗ ಕಟ್ಟಿಕೊಂಡು ಕೂತ ವಿರೂಪಾಕ್ಷ, ಬಾಸಿಂಗದ ಮಣಿಗಳನ್ನು ಸರಿಸಿ ನೋಡಿದ. ನಾನು ಎರಡು ಅಕ್ಷರ ಹೇಳಿದರೆ ಪಂದ್ಯ ಮುಗಿಯುತ್ತಿತ್ತು, ಹೊತ್ತು ಮುಳುಗುತ್ತಿತ್ತು, ನನ್ನ ಮಗಳ ಮೇಲೆ ಅಕ್ಕಿಕಾಳು ಬೀಳುತ್ತಿತ್ತು, ಅವಳು ದುಂಡಪ್ಪನ ಮನೆಯವಳಾಗುತ್ತಿದ್ದಳು.

ನಾನು ಚಹಾ ತರಿಸಿದೆ.

ಯಾಕೆಂದರೆ ನಾನು ಸೋಲುವ ಜಾತಿಯವನಲ್ಲ. ಬೇರೆ ಕಾರಣವೇನೂ ಇರಲಿಲ್ಲ. ಸೂರ್ಯನ ಕಡೆಗೆ ಒಂದು ಕೈ ಎತ್ತಿ ಹಿಡಿದೆ, ಅಷ್ಟೆ. ಅವನಿಗೆ ನನ್ನ ಗುರುತಿತ್ತು. ಹನ್ನೊಂದು ದಿನ ಹಾಗೇ ಹಿಡಿದಿದ್ದೆ. ಹೊತ್ತೇ ಮುಳುಗದಾಗ ದಿನ ಹೇಗೆ ಎಣಿಸಿದೆ ಎಂದು ಕೇಳಬೇಡಿ, ನನ್ನ ಗಡ್ಡ ನೋಡಿ ಎಣಿಸಿದೆ. ಆಟಕ್ಕೆ ಇಳಿಯುವಾಗ ಬೋಳು ಮುಖದವನಾಗಿದ್ದ ನಮ್ಮ ಕೀಪರನಿಗೆ ಅಷ್ಟರಲ್ಲಿ ಮೀಸೆ ತಿರುವಲು ಬರುತ್ತಿತ್ತು. ಚೆಂಡು ಸವೆದು ನಿಂಬೆಹಣ್ಣಿನಷ್ಟಾಯಿತು. ನಾನು ಹುಡುಗರನ್ನು ಪಾಳಿಯ ಮೇಲೆ ಹಂದರದ ನೆರಳಿನಲ್ಲಿ ಮಲಗಿಸಿದೆ. ಮೂವರು ಬುಂದೆ ತಿಂದು ಗೊರಕೆ ಹೊಡೆದರೆ ಎಂಟು ಮಂದಿ ಆಡುವರು. ಹೊತ್ತು ನನ್ನದು, ಅವಸರ ಯಾಕೆ?

ದುಂಡಪ್ಪ ತನ್ನ ವಿದ್ಯೆಯೆಲ್ಲ ತೆಗೆದ. ಮೊದಲು ಅಡಿಗೆಯವರಿಗೆ ಹೇಳಿ ಜಿಲೇಬಿಯ ಬಾಣಲೆಯನ್ನು ನನ್ನ ಮೂಗಿಗೆ ಗಾಳಿ ಬೀಸುವ ಕಡೆಗೆ ಇಡಿಸಿದ. ಆಮೇಲೆ ಬಾಜಾದವರನ್ನು ತಂದು ನನ್ನ ಕಿವಿಯ ಪಕ್ಕ ನಿಲ್ಲಿಸಿದ. ಕೊನೆಗೆ ತಾನೇ ತಟ್ಟೆ ಹಿಡಿದು ಬಂದ.

“ಬೀಗ್ರ, ಒಂದ ತುತ್ತು.”

“ಹಸಿವಿಲ್ರೀ.”

“ನಿಮ್ಮ ಹೊಟ್ಟಿ ಮಾತಾಡೂದು ಅಲ್ಲಿ ನಮ್ಮ ಕೀಪರಗೂ ಕೇಳಸಾಕ್ಹತ್ತೈತಿ.”

“ಅದು ಹೊಟ್ಟಿ ಅಲ್ಲ, ಗುಡುಗು. ಮಳಿ ಬರೂ ಹಂಗ ಐತಿ.”

“ಸಾಕು ಅಂದಬಿಡ್ರಲಾ. ಬಾಯಿ ಬ್ಯಾನಿ ಆಗೂವಷ್ಟು ದೊಡ್ಡ ಮಾತೇನಲ್ಲ.”

“ನಿಮಗ ಸಣ್ಣದು. ನೀವು ಗೆಲ್ಲಾಕ್ಹತ್ತೀರಿ.”

ದುಂಡಪ್ಪ ತಟ್ಟೆಯನ್ನು ನನ್ನ ಕುರ್ಚಿಯ ಪಕ್ಕ ಇಟ್ಟ. ಆಮೇಲೆ ಸುಣ್ಣದ ಚೀಲದ ಮೇಲೆ ಹೋಗಿ ಕೂತು, ತಲೆಯ ಮೇಲಿನ ಕರವಸ್ತ್ರವನ್ನು ಮತ್ತೆ ತೋಯಿಸಿ ಹಾಕಿಕೊಂಡು, ಕಣ್ಣು ಅರ್ಧ ಮುಚ್ಚಿದ. ಎದ್ದವನೇ ತನ್ನ ಕೀಪರನನ್ನು ಕೈಸನ್ನೆ ಮಾಡಿ ಕರೆದ. ಕೀಪರ್ ಕೈಗವಸು ಬಿಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, ನಡೆದು ಹಂದರಕ್ಕೆ ಹೋಗಿ, ಎಲೆಅಡಿಕೆ ಕೇಳಿದ. ಕೆಳಗಿನವರ ಗೋಲು ಖಾಲಿ.

ನಮ್ಮ ಮುಂಚೂಣಿ ಆಟಗಾರ ಮೌಲಾ. ಚೆಂಡು ಅವನ ಕಾಲಿನಲ್ಲಿತ್ತು. ಎದುರಿಗೆ ಯಾರೂ ಇಲ್ಲ. ಅವನು ಓಡತೊಡಗಿದ, ಜನ ಎದ್ದು ನಿಂತರು. ಆಗ ನನಗೆ ಹೊಳೆಯಿತು. ನಾವು ಒಂದು ಗೋಲು ಹಾಕಿದರೆ ಸಮ, ‘ಸಾಕು’ ಅನ್ನುವುದರಲ್ಲಿ ಅರ್ಧ ಪಾಲು ದುಂಡಪ್ಪನಿಗೆ ಹೋಗುತ್ತದೆ. ಎರಡು ಹಾಕಿದರೆ ಹಿಂದೆ ಬಿದ್ದವನು ಅವನೇ, ಪೂರ್ತಿ ಮಾತು ಅವನದೇ. ಬೇಕೆಂದೇ ಎರಡು ಗೋಲು ಹಾಕಿಸಿಕೊಂಡು, ತಾನು ಸೋತು, ತಾನೇ ‘ಸಾಕು’ ಅಂದು ಸೂರ್ಯನನ್ನು ಇಳಿಸಿ ಮಗನ ಮದುವೆ ಮಾಡುವ ಹೂಟ ಅದು. ಇಂಥದ್ದನ್ನು ಯೋಚಿಸಲು ಒಂದು ತಲೆ ಬೇಕು, ಕಂಡುಹಿಡಿಯಲು ಅದಕ್ಕಿಂತ ದೊಡ್ಡ ತಲೆ ಬೇಕು.

“ಮೌಲಾ, ನಿಂದರ,” ಎಂದು ಕೂಗಿದೆ. “ಹಾಕಬ್ಯಾಡ.”

ಮೌಲಾ ಚೆಂಡನ್ನು ಗೋಲಿನ ಗೆರೆಯ ಮೇಲೇ ತುಳಿದು ನಿಲ್ಲಿಸಿದ. ಎದುರಿನ ಊಟದ ಎಲೆಯನ್ನು ಯಾರೋ ಎಳೆದುಕೊಂಡ ಹಾಗಿತ್ತು ಅವನ ಮುಖ.

“ಕೀಪರ್ ಇಲ್ರೀ ಸರ್.”

“ಅದಕ್ಕ ಹಾಕಬ್ಯಾಡ. ಹೊರಗ ಒದಿ.”

ಅವನು ಹೊರಗೆ ಒದ್ದ. ಆಮೇಲೆ ನಡೆದದ್ದನ್ನು ಫುಟ್‌ಬಾಲ್ ಆಡುವ ಬೇರೆ ಯಾವ ಊರೂ ಕಂಡಿರಲಾರದು. ದುಂಡಪ್ಪನ ಹುಡುಗರು ತಮ್ಮ ಗೋಲಿಗೆ ತಾವೇ ಒದೆಯಲು ಶುರುಮಾಡಿದರು. ನನ್ನ ಹುಡುಗರು ಓಡಿಹೋಗಿ ಅವರ ಗೋಲಿಗೆ ಅಡ್ಡ ನಿಂತು ಅದನ್ನು ಕಾಯತೊಡಗಿದರು. ಬಯಲಿನ ಒಂದೇ ತುದಿಯಲ್ಲಿ ಎಲ್ಲರೂ. ಇನ್ನೊಂದು ತುದಿಯಲ್ಲಿ, ನಮ್ಮ ಗೋಲಿನೊಳಗೆ, ಯಾರದೋ ಆಡು ಮಲಗಿ ಮೆಲುಕು ಹಾಕುತ್ತಿತ್ತು.

“ಈಗ ಯಾರು ಯಾರ ಕಡೆ?” ಎಂದು ಪೂಜಾರಿ ಮೌಲ್ವಿಯನ್ನು ಕೇಳಿದ.

“ಸುಮ್ನ ಶೇಂಗಾ ತಿನ್ರಿ,” ಎಂದರು ಮೌಲ್ವಿ.

ಹನ್ನೊಂದನೆಯ ದಿನ ನನಗೇ ದಯೆ ಬಂತು. ಹೇಗೂ ಸೋಲುವುದಿಲ್ಲ, ಗೆದ್ದೇ ಬಿಡೋಣ ಎಂದು ಮೌಲಾನಿಗೆ ಕಣ್ಣು ಹೊಡೆದೆ. ಅವನು ಒದ್ದ ಮೊದಲನೆಯ ಗೋಲು ಬಲೆ ಹರಿಯಿತು. ಎರಡನೆಯದು ಹರಿದ ಬಲೆಯಿಂದ ಹೊರಬಿದ್ದು ಪಕ್ಕದ ತಾಲ್ಲೂಕಿನ ಒಂದು ಬಾವಿಯಲ್ಲಿ ಸಿಕ್ಕಿತಂತೆ. ದುಂಡಪ್ಪ ಮಾಸ್ತರ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ ‘ಸಾಕು’ ಎಂದ. ನಾನು ಕೈ ಬಿಟ್ಟೆ. ಸೂರ್ಯ ಧೊಪ್ಪನೆ ಬಿದ್ದ ಸದ್ದಿಗೆ ಅಡಿಗೆಯ ಪಾತ್ರೆಗಳೆಲ್ಲ ಅದುರಿದವು. ಎರಡು ಒಂದರಿಂದ, ಗೆದ್ದ ಕಾಲೇಜಿಗೆ ಸಿಗುವ ಢಾಲು ನಮ್ಮದಾಯಿತು, ಮದುವೆಯೂ ಆಯಿತು, ಎಲ್ಲರೂ ಉಂಡರು.

ಇಲ್ಲಿಯವರೆಗೆ ಬರೆದು, ಚೆನ್ನಾಗಿ ಬಂದಿದೆ ಅನ್ನಿಸಿ, ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ನೀಲವ್ವ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ದುಂಡಪ್ಪ ನಮ್ಮ ಜೋಕಾಲಿಯ ಮೇಲೆ ಕೂತಿದ್ದ. ಕೆಲಸದಿಂದ ನಿವೃತ್ತನಾದ ಮೇಲೆ ಅವನು ಸಂಜೆ ಕೂರುವುದು ಅಲ್ಲೇ. ಮಾವನ ಜೊತೆ ಬಂದಿದ್ದ ಕಸ್ತೂರಿ ಹೊಸ್ತಿಲಿನ ಮೇಲೆ ಕೂತಿದ್ದಳು.

“ಛಲೋ ಬರದೀರಿ ಬೀಗ್ರ,” ಎಂದ ದುಂಡಪ್ಪ. “ನನ್ನ ಕಣ್ಣೀರಷ್ಟ ಸ್ವಲ್ಪ ಕಡಿಮಿ ಮಾಡ್ರಿ. ಮೊಮ್ಮಕ್ಕಳು ಓದ್ತಾವ.”

ನೀಲವ್ವ ಮೊರದಿಂದ ಕಣ್ಣು ತೆಗೆಯಲಿಲ್ಲ. “ಎಲ್ಲಾ ಖರೆ. ನನ್ನ ಹಪ್ಪಳದ್ದು ಯಾಕ ಬರೀಲಿಲ್ಲ?”

“ಯಾವ ಹಪ್ಪಳ?”

“ಅವತ್ತ ಮಧ್ಯಾಹ್ನ ಹಂದರದ ಹಿಂದ ಹಾಕಿದ್ನೆಲಾ, ಉದ್ದಿನ್ವು. ಹೊತ್ತು ಮುಳಗಿದ ಮ್ಯಾಲ ತಗೀಲಿಕ್ಕೆ ಹೋದ್ರ ಒಂದಕ್ಕೊಂದು ಅಂಟಿಕೊಂಡಿದ್ವು. ಹನ್ನೊಂದ ದಿನದ ಬಿಸಲಾಗ ಹಪ್ಪಳ ಹಸೀ ಉಳೀತಾವೇನ್ರಿ?”

“ಮೋಡ ಇತ್ತು,” ಎಂದೆ.

“ಸೂರ್ಯನ್ನ ಹಿಡದ ನಿಲ್ಲಿಸಿದವರಿಗೆ ಒಂದ ಮೋಡ ಸರಸಾಕ ಬರಲಿಲ್ಲ?”

ಜೋಕಾಲಿ ಕಿರುಗುಟ್ಟುವುದು ನಿಂತಿತು. ದುಂಡಪ್ಪ ನಗು ತಡೆಯಲು ಜೋಕಾಲಿಯ ಸರಪಳಿ ಹಿಡಿದುಕೊಂಡಿದ್ದ. ಕಸ್ತೂರಿ ಮಾತ್ರ ನಗಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಇನ್ನೊಂದು ಕಾರಣ ಹುಡುಕಲು ಬಾಯಿ ತೆರೆದೆ. ನಂಬಿ, ಹೊರಬಂದದ್ದು ನಿಜ.

ಸರಿ. ಹನ್ನೊಂದು ದಿನ ಅಲ್ಲ. ಒಂದು ದಿನವೂ ಅಲ್ಲ. ಅಡಿಗೆಯವರು ಆರಿದ ಸಾರನ್ನು ಒಮ್ಮೆ ಮತ್ತೆ ಕಾಯಿಸಿದರು, ಅಷ್ಟು ಹೊತ್ತು. ಮೀಸೆಯೂ ಇಲ್ಲ, ಬಾವಿಯೂ ಇಲ್ಲ. ಗೋಲು ಖಾಲಿ ಬಿಟ್ಟದ್ದು, ನಾವು ಅವರ ಗೋಲು ಕಾಯ್ದದ್ದು, ಆಡು ಮಲಗಿದ್ದು, ಇವು ನಿಜ. ಎರಡನೆಯ ಗೋಲು ಸುಳ್ಳು. ಮೊದಲನೆಯದು ಹೇಗಾಯಿತೆಂದರೆ, ಆ ಗದ್ದಲದಿಂದ ಚೆಂಡು ಉರುಳಿ ಮೈದಾನದ ಆಚೆ, ನನ್ನ ಕುರ್ಚಿಯ ಹತ್ತಿರ ಬಂತು. ಅದನ್ನು ಕಾಲಿನಿಂದ ತಡೆದವಳು ಕಸ್ತೂರಿ. ಹಳದಿ ಸೀರೆ ಉಟ್ಟು, ಮೊಣಕೈವರೆಗೆ ಹಸಿರು ಬಳೆ ಇಟ್ಟುಕೊಂಡ ಮದುಮಗಳು ಹಂದರ ಬಿಟ್ಟು ಎದ್ದು ಬಂದಿದ್ದಳು.

“ಇದು ಯಾವ ಆಟ, ಅಪ್ಪಾ?”

“ನಿನಗ ತಿಳಿಯಂಗಿಲ್ಲ. ಡಾವ್ ಇದು, ಆಟದ ತಂತ್ರ.”

ಅವಳು ಸುಣ್ಣದ ಬಕೆಟನ್ನು ಸರಿಸಿ, ಆ ಸೀರೆಯಲ್ಲೇ, ಯಾವಾಗಲೂ ಕೂರುವ ಜಾಗದಲ್ಲಿ ನೆಲದ ಮೇಲೆ ಕೂತಳು. “ಹೇಳ ಹಂಗಾರ. ಅವರು ಗೋಲು ಬಿಟ್ರು, ನೀ ಬ್ಯಾಡ ಅಂದಿ. ಆಮ್ಯಾಲ?”

ಬೇವಿನ ಮರದ ತುದಿಯಲ್ಲಿ ಸೂರ್ಯ ಅಂಟಿಕೊಂಡಿದ್ದ. ಊರೆಲ್ಲ ನನ್ನ ಬಾಯಿ ನೋಡುತ್ತಿತ್ತು.

“ಆಮ್ಯಾಲ ನೀ ಹೋಗ್ತಿ,” ಎಂದೆ.

“ಎಲ್ಲಿಗೆ? ಮಾವನ ಆ ಹಂಚಿನ ಮನೀಗಾ? ಅಲ್ಲಿಂದ ನಿನ್ನ ಕೆಮ್ಮು ಕೇಳಸ್ತೈತಿ.” ಅವಳು ಚೆಂಡಿಗೆ ಅಂಟಿದ ಸುಣ್ಣವನ್ನು ಬೆರಳಿನಿಂದ ಉಜ್ಜಿದಳು. “ನಾಳೆ ಸಂಜೀಕ ಬರ್ತೀನಿ. ಗೆರಿ ಯಾರು ಹಾಕವ್ರು? ಇವತ್ತಿನ ಕತಿ ನನಗ ಪೂರ್ತಿ ಬೇಕು ಮತ್ತ. ಖರೇದ್ದು ಬ್ಯಾಡ. ನಿನ್ನದು.”

ಅವಳು ಚೆಂಡನ್ನು ನನ್ನ ಕಾಲಬುಡಕ್ಕೆ ತಳ್ಳಿದಳು. ನಾನು ಅದನ್ನು ಒಳಗೆ ಎಸೆದು, “ಹಾಕಪಾ ಮೌಲಾ,” ಎಂದೆ. ಅವನು ಮತ್ತೊಮ್ಮೆ ನನ್ನ ಮುಖ ನೋಡಿ ಖಾತ್ರಿ ಮಾಡಿಕೊಂಡು, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಚೆಂಡನ್ನು ಒಳಗೆ ಉರುಳಿಸಿದ. ಬಲೆ ಅಲ್ಲಾಡಲೂ ಇಲ್ಲ.

ದುಂಡಪ್ಪ ನಡುಗೆರೆಯ ಮೇಲೆ ಬಂದು ನಿಂತಿದ್ದ. “ಇನ್ನೊಂದ ಬಿಡಲೇನು ಬೀಗ್ರ?” ಎಂದು ಮೆತ್ತಗೆ ಕೇಳಿದ. “ನಾನ ಸೋಲ್ತೀನಿ. ನಾನ ಅಂತೀನಿ. ನಿಮಗ ಆಗಂಗಿಲ್ಲ ಅಂದ್ರ.”

“ಬ್ಯಾಡ,” ಎಂದೆ. “ಕೂಡಿ ಅನ್ನೋಣು.”

ಕೂಡಿಯೇ ಅಂದೆವು. ನನ್ನ ದನಿ ಅವನ ದನಿಗಿಂತ ತುಸು ಹಿಂದೆ ಬಿತ್ತು. ಅವನು ಇನ್ನೊಮ್ಮೆ, ನನ್ನ ಜೊತೆಗೆ ಸರಿಯಾಗಿ ಸೇರಿಸಿ ಅಂದ. ಸೂರ್ಯ ಸದ್ದಿಲ್ಲದೆ ಇಳಿದ. ಪೂಜಾರಿ ಶೇಂಗಾದ ಸಿಪ್ಪೆ ಕೊಡವಿಕೊಂಡು ಮುಹೂರ್ತಕ್ಕೆ ಓಡಿದ. ಒಂದು ಒಂದು, ಪಂದ್ಯ ಸಮ. ಢಾಲು ಆರು ತಿಂಗಳು ಅವರಲ್ಲಿ, ಆರು ತಿಂಗಳು ನಮ್ಮಲ್ಲಿ.

ಇಷ್ಟನ್ನೂ ನಮ್ಮ ಪಡಸಾಲೆಯಲ್ಲಿ ಬಾಯಿಬಿಟ್ಟು ಹೇಳಿ ಮುಗಿಸಿದೆ. ಹೊಸ್ತಿಲಿನ ಮೇಲಿಂದ ಕಸ್ತೂರಿಯೇ ಕೇಳಿದಳು, “ಆಮ್ಯಾಲ?”

ಆಮೇಲೇನಿದೆ. ನಾನು ಸೂರ್ಯನನ್ನು ನಿಲ್ಲಿಸಿದ್ದು ಢಾಲಿಗಾಗಿ ಅಲ್ಲ. ಕೇಳುವವಳು ಎದ್ದು ಹೋದರೆ ನಾನು ಹೇಳುವುದು ಯಾರಿಗೆ ಎಂದು ಹೆದರಿದ್ದೆ. ಈ ಲೇಖನದ ಮೊದಲ ಸಾಲುಗಳಲ್ಲಿ ಪೂರ್ತಿ ನಿಜವಾದದ್ದು ಆ ಚಹಾದ ಕಪ್ಪು ಒಂದೇ. ಅದನ್ನೂ ನಾನು ಕುಡಿಯಲಿಲ್ಲ. ಅರ್ಧ ಚಹಾ ಪಂಚೆಯ ಮೇಲೆ ಚೆಲ್ಲಿತ್ತು, ಆ ಕಲೆ ಇನ್ನೂ ಇದೆ.